ಹೈಬ್ರಿಡ್ ಕಾರು ಕೊಳ್ಳುವ ಮುನ್ನ: ಗ್ರ್ಯಾಂಡ್ ವಿಟಾರವೋ, ಹೈರೈಡರೋ?

ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಗೊಬ್ಬರದ ದಾಸ್ತಾನು, ಮೈಲುತುತ್ತದ ಬೆಲೆ, ರಾಶಿ ಅಡಿಕೆಯ ಧಾರಣೆ ಇವನ್ನೆಲ್ಲ ವಿಚಾರಿಸಿದ ಮೇಲೆ ಈಚೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ. ಮನೆಮಂದಿಗೆಲ್ಲ ಆಗುವಂಥ ಎತ್ತರದ ಕಾರೊಂದನ್ನು ಕೊಳ್ಳಬೇಕೆಂದಿದ್ದೇವೆ. ಕರೆಂಟಿಗೂ ಪೆಟ್ರೋಲಿಗೂ ಓಡುವ ಹೈಬ್ರಿಡ್ ಕೊಂಡರೆ ಹೇಗೆ, ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು ಎಂಬುದೇ ಆ ಪ್ರಶ್ನೆ. ಇದು ಹತ್ತಿಪ್ಪತ್ತು ಸಾವಿರದ ಮಾತಲ್ಲ. ಎರಡು ಮೂರು ಎಕರೆ ತೋಟವಿರುವ ಬೆಳೆಗಾರನಿಗೆ ಒಂದು ಇಡೀ ಫಸಲಿನ ಹುಟ್ಟುವಳಿಯನ್ನೂ ಮೀರುವ ಹಣ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಸದಸ್ಯರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಹೈಬ್ರಿಡ್ಡಿನಲ್ಲಿ ಮೂರು ಬಗೆ

ಹೈಬ್ರಿಡ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸರಕು ಮಾರಾಟವಾಗುತ್ತಿದೆ ಎಂಬುದನ್ನು ಮೊದಲು ಗಮನಿಸಬೇಕು.

ಮೊದಲನೆಯದು ಮೈಲ್ಡ್ ಹೈಬ್ರಿಡ್. ಇದರಲ್ಲಿರುವ ಪುಟ್ಟ ಮೋಟಾರು ಎಂಜಿನ್ನಿಗೆ ಆಗಾಗ ಕೈಗೂಡಿಸುತ್ತದೆ, ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಚಾಲೂ ಮಾಡುತ್ತದೆ, ಅಷ್ಟೆ. ಕಾರನ್ನು ತಾನಾಗಿ ಎಳೆಯಲಾರದು. ಎರಡನೆಯದು ಸ್ಟ್ರಾಂಗ್ ಹೈಬ್ರಿಡ್. ಇದರ ಮೋಟಾರು ದೊಡ್ಡದು. ಊರೊಳಗೆ ನಿಧಾನವಾಗಿ ಹೋಗುವಾಗ ಎಂಜಿನ್ ಆರಿ, ಬರಿಯ ಕರೆಂಟಿನಲ್ಲೇ ಕಾರು ಚಲಿಸುತ್ತದೆ. ಬ್ರೇಕು ಹಾಕಿದಾಗ ಮತ್ತು ಇಳಿಜಾರಿನಲ್ಲಿ ಆ ಮೋಟಾರೇ ಡೈನಮೋ ಆಗಿ ಬ್ಯಾಟರಿ ತುಂಬಿಸುತ್ತದೆ. ಸಾಲದೆ ಬಂದರೆ ಎಂಜಿನ್ ತುಂಬಿಸುತ್ತದೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಏರ್ಪಾಡು ಇದಕ್ಕಿಲ್ಲ. ಮೂರನೆಯದು ಪ್ಲಗ್ ಇನ್ ಹೈಬ್ರಿಡ್. ಇದರ ಬ್ಯಾಟರಿ ಇನ್ನೂ ದೊಡ್ಡದು. ರಾತ್ರಿ ಮನೆಯ ಕರೆಂಟಿನಿಂದ ಚಾರ್ಜು ಮಾಡಿದರೆ ಮರುದಿನ ಹತ್ತಾರು ಕಿಲೋಮೀಟರು ಪೆಟ್ರೋಲು ಮುಟ್ಟದೆ ಓಡಾಡಬಹುದು. ಅದು ಮುಗಿದರೆ ಎಂಜಿನ್ ಇದ್ದೇ ಇದೆ.

ಇವುಗಳ ಅಂತರ ನಮಗೆ ಪಂಪಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. 5 ಅಶ್ವಶಕ್ತಿಯ ಪಂಪು ಗಂಟೆಗೆ ಸುಮಾರು ಕಾಲು ಕಡಿಮೆ ನಾಲ್ಕು ಎನ್ನುವುದಕ್ಕಿಂತ ಸರಿಯಾಗಿ 3.7 ಯೂನಿಟ್ ಎಂದು ಹಿಡಿಯೋಣ. ಮುಂದೆ ನಾವು ಚರ್ಚಿಸಲಿರುವ ಸ್ಟ್ರಾಂಗ್ ಹೈಬ್ರಿಡ್ ಕಾರಿನ ಬ್ಯಾಟರಿಯಲ್ಲಿ ಹಿಡಿಯುವುದು 0.76 ಯೂನಿಟ್. ಅಂದರೆ ಆ ಪಂಪನ್ನು ಹನ್ನೆರಡು ನಿಮಿಷ ಓಡಿಸುವಷ್ಟು ಮಾತ್ರ. ಹದಿನೈದು ಯೂನಿಟ್ ಹಿಡಿಯುವ ಪ್ಲಗ್ ಇನ್ ಬ್ಯಾಟರಿಯಾದರೆ ಅದೇ ಪಂಪು ನಾಲ್ಕು ಗಂಟೆ ಓಡೀತು. ಆದ್ದರಿಂದ ಸ್ಟ್ರಾಂಗ್ ಹೈಬ್ರಿಡ್ಡು ‘ಕರೆಂಟಿನ ಕಾರು’ ಅಲ್ಲ. ಪೆಟ್ರೋಲನ್ನು ಪೋಲು ಮಾಡದೆ ಉರಿಸುವ ಪೆಟ್ರೋಲ್ ಕಾರು. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮಾರಾಟದವರ ಅರ್ಧ ಮಾತು ತಾನಾಗಿ ಸೋಸಿಹೋಗುತ್ತದೆ.

ಪ್ಲಗ್ ಇನ್ ನಮಗೆ ಏಕೆ ದೂರ?

ಚೀನಾದಲ್ಲಿ ಪ್ಲಗ್ ಇನ್ ಹೈಬ್ರಿಡ್ಡುಗಳು ಲಕ್ಷಗಟ್ಟಲೆ ಮಾರಾಟವಾಗುತ್ತಿವೆ. ನಮ್ಮಲ್ಲಿ ಹಾಗಲ್ಲ. ವೋಲ್ವೊ ಕಂಪನಿಯ ಎಕ್ಸ್‌ಸಿ 90 ಪ್ಲಗ್ ಇನ್ ಕಾರು 2016ರಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ ಒಂದು ಕೋಟಿ ದಾಟಿತ್ತು. ಇಪ್ಪತ್ತು ಲಕ್ಷದೊಳಗಿನ ಸಂಸಾರದ ಕಾರು ಹುಡುಕುವ ಸದಸ್ಯರಿಗೆ ಸಿಗುವುದು ಸ್ಟ್ರಾಂಗ್ ಹೈಬ್ರಿಡ್ಡೇ.

ನಾಳೆ ಅಗ್ಗದ ಪ್ಲಗ್ ಇನ್ ಬಂದೀತು. ಬಂದರೆ ನಮ್ಮ ಹಳ್ಳಿಗೆ ಅದು ಒಪ್ಪದ ಸರಕೇನಲ್ಲ. ಹೊಳಲ್ಕೆರೆಗೋ ಹೊಸದುರ್ಗಕ್ಕೋ ಹೋಗಿಬರುವ ದಿನದ ಓಡಾಟಕ್ಕೆ ರಾತ್ರಿಯ ಚಾರ್ಜು ಸಾಕಾದೀತು. ಆದರೆ ಎರಡು ಸಂಗತಿಗಳನ್ನು ಈಗಲೇ ತಿಳಿದಿರುವುದು ಒಳ್ಳೆಯದು. ಮೊದಲನೆಯದಾಗಿ, 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ತಿಗೆ ತಿಂಗಳಿಗೆ 200 ಯೂನಿಟ್ಟಿನ ಮಿತಿಯಿದೆ. ದಿನಕ್ಕೆ ಹತ್ತು ಯೂನಿಟ್ಟಿನಂತೆ ಕಾರಿಗೆ ತುಂಬಿಸಿದರೆ ಅದೊಂದೇ ತಿಂಗಳಿಗೆ 300 ಯೂನಿಟ್ ಆಗುತ್ತದೆ. ಕಾರಿನ ಕರೆಂಟಿನ ಜೊತೆಗೆ ಮನೆಯ ಕರೆಂಟಿಗೂ ಬಿಲ್ಲು ಬಂದೀತು. ಎರಡನೆಯದಾಗಿ, ಪಂಪ್‌ಸೆಟ್ಟಿನ ಸಂಪರ್ಕ ನೀರೆತ್ತುವುದಕ್ಕೆ ಕೊಟ್ಟದ್ದು. ಅದರಿಂದ ಕಾರು ಚಾರ್ಜು ಮಾಡುವುದು ಸಲ್ಲದು. ಜೋಗಿಮಟ್ಟಿಯ ಆಚೀಚೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರಬಹುದು. ನಮ್ಮ ಮನೆಯ ಮೀಟರು ಮಾತ್ರ ಅದನ್ನು ನೋಡಿ ನಿಲ್ಲುವುದಿಲ್ಲ.

ಬಿಡದಿಯ ಅವಳಿಗಳು

ಈಗ ಪ್ರಸ್ತುತಕ್ಕೆ ಬರೋಣ. ಸದಸ್ಯರು ಹೆಚ್ಚಾಗಿ ಕೇಳುವುದು ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರ ಮತ್ತು ಟೊಯೋಟಾದ ಅರ್ಬನ್ ಕ್ರೂಸರ್ ಹೈರೈಡರ್ ಈ ಎರಡರ ವಿಷಯ. ಎರಡೂ 2022ರ ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬಂದವು. ಎರಡೂ ತಯಾರಾದದ್ದು ನಮ್ಮ ರಾಜ್ಯದ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಟೊಯೋಟಾ ಕಂಪನಿ ಜಪಾನಿನಲ್ಲಿ ತನ್ನ ಮೊದಲ ಹೈಬ್ರಿಡ್ ಕಾರಾದ ಪ್ರಿಯಸ್ಸನ್ನು 1997ರಲ್ಲಿ ಹೊರತಂದಿತು. ಬಿಡದಿಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ಡಿನ ಜೋಡಣೆ ಆರಂಭವಾಯಿತು. ಸಣ್ಣ ಕಾರಿನ ವ್ಯವಹಾರದಲ್ಲಿ ಪಳಗಿದ ಸುಜುಕಿಯೂ ಹೈಬ್ರಿಡ್ಡಿನಲ್ಲಿ ಪಳಗಿದ ಟೊಯೋಟಾವೂ ಕೈಜೋಡಿಸಿದ್ದರ ಫಲ ಈ ಜೋಡಿ.

ಎರಡರಲ್ಲೂ ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ ಇರುವುದು ಟೊಯೋಟಾದ 1,490 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್. ಮೈಲ್ಡ್ ಹೈಬ್ರಿಡ್ ಮಾದರಿಗೆ ಇರುವುದು ಸುಜುಕಿಯ 1,462 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್. ಚಕ್ರದಿಂದ ಚಕ್ರಕ್ಕಿರುವ ಅಂತರ ಎರಡಕ್ಕೂ 2,600 ಮಿಲಿಮೀಟರು. ನೆಲದಿಂದ ಎತ್ತರ ಎರಡಕ್ಕೂ 210 ಮಿಲಿಮೀಟರು. ಪೆಟ್ರೋಲ್ ಟ್ಯಾಂಕು ಎರಡಕ್ಕೂ 45 ಲೀಟರು. ಸ್ಟ್ರಾಂಗ್ ಹೈಬ್ರಿಡ್ಡಿಗೆ ಪ್ರಮಾಣೀಕರಿಸಿದ ಮೈಲೇಜು ಎರಡಕ್ಕೂ ಲೀಟರಿಗೆ 27.97 ಕಿಲೋಮೀಟರು. ಹೈರೈಡರಿನ ಉದ್ದ 20 ಮಿಲಿಮೀಟರಿನಷ್ಟು ಹೆಚ್ಚು. ಮುಂದಿನ ಮುಖ ಬೇರೆ, ಒಳಗಿನ ಬಣ್ಣ ಬೇರೆ, ಹೆಸರಿನ ಬಿಲ್ಲೆ ಬೇರೆ. ಒಂದೇ ಹಂಡೆಯಲ್ಲಿ ಬೇಯಿಸಿದ ಅಡಿಕೆಯನ್ನು ಎರಡು ಮಂಡಿಯ ಚೀಲಕ್ಕೆ ತುಂಬಿದಂತೆ.

‘ಎರಡೂ ಒಂದೇ ಅಂತೀರಲ್ಲ ಸ್ವಾಮಿ, ಮತ್ತೆ ಬೆಲೆ ಯಾಕೆ ಬೇರೆ?’ ಎಂದು ಸದಸ್ಯರು ಕೇಳುವುದುಂಟು. 2022ರಲ್ಲಿ ಮೇಲ್ದರ್ಜೆಯ ಹೈಬ್ರಿಡ್ ಮಾದರಿಯ ಶೋರೂಮ್ ಬೆಲೆ ಹೈರೈಡರಿಗೆ 18.99 ಲಕ್ಷ, ಗ್ರ್ಯಾಂಡ್ ವಿಟಾರಕ್ಕೆ 19.49 ಲಕ್ಷ ಇತ್ತು. ಅಂತರ ಐವತ್ತು ಸಾವಿರ. ಆದರೆ ಕೆಳದರ್ಜೆಯ ಹೈಬ್ರಿಡ್ ಮಾದರಿ ನೋಡಿದರೆ ಹೈರೈಡರ್ 15.11 ಲಕ್ಷಕ್ಕೇ ಶುರುವಾಗುತ್ತಿತ್ತು; ಗ್ರ್ಯಾಂಡ್ ವಿಟಾರ 17.99 ಲಕ್ಷಕ್ಕೆ. ಅಂದರೆ ವ್ಯತ್ಯಾಸವಿದ್ದದ್ದು ಯಂತ್ರದಲ್ಲಲ್ಲ, ಯಾವ ಸವಲತ್ತುಗಳನ್ನು ಯಾವ ಮಾದರಿಗೆ ಕಟ್ಟಿ ಮಾರುತ್ತಾರೆ ಎಂಬುದರಲ್ಲಿ. ಆಮೇಲೆ ಬೆಲೆ, ಮಾದರಿ ಎರಡೂ ಹಲವು ಸಲ ಬದಲಾಗಿವೆ. 2025ರ ಸೆಪ್ಟೆಂಬರ್ 22ರಿಂದ ಈ ಗಾತ್ರದ ಹೈಬ್ರಿಡ್ಡಿನ ಮೇಲಿನ ತೆರಿಗೆ ಸೆಸ್ ಸೇರಿ ಇದ್ದ ಶೇ. 43ರಿಂದ ಶೇ. 40ಕ್ಕೆ ಇಳಿದಿದೆ. ಪೂರ್ಣ ವಿದ್ಯುತ್ ಕಾರಿಗಿರುವುದು ಶೇ. 5. ಆದ್ದರಿಂದ ಹಳೆಯ ಬೆಲೆಪಟ್ಟಿ ನಂಬದೆ, ಎರಡೂ ಶೋರೂಮುಗಳಿಂದ ಲೈಫ್ ಟೈಮ್ ತೆರಿಗೆ ಮತ್ತು ವಿಮೆ ಸೇರಿದ ‘ರಸ್ತೆಗಿಳಿವ ಬೆಲೆ’ಯನ್ನು ಅದೇ ವಾರದಲ್ಲಿ ಬರೆಸಿಕೊಂಡು ಹೋಲಿಸತಕ್ಕದ್ದು.

ಮೊದಲು ನಿಮ್ಮ ಓಟದ ಲೆಕ್ಕ

ಎರಡರಲ್ಲಿ ಯಾವುದು ಎಂಬುದು ಎರಡನೆಯ ಪ್ರಶ್ನೆ. ಹೈಬ್ರಿಡ್ಡೇ ಬೇಕೇ ಎಂಬುದು ಮೊದಲನೆಯದು. ಎರಡೂ ಕಾರು ಮೈಲ್ಡ್ ರೂಪದಲ್ಲೂ ಸಿಗುವುದರಿಂದ ಈ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ.

2022ರ ಬೆಲೆಯಲ್ಲಿ ಮೇಲ್ದರ್ಜೆಯ ಮೈಲ್ಡ್ ಆಟೋಮ್ಯಾಟಿಕ್ಕಿಗೂ ಸ್ಟ್ರಾಂಗ್ ಹೈಬ್ರಿಡ್ಡಿಗೂ ಅಂತರ ಸುಮಾರು ಎರಡರಿಂದ ಎರಡೂವರೆ ಲಕ್ಷ ಇತ್ತು. ಕೈಗೇರಿನ ಗ್ರ್ಯಾಂಡ್ ವಿಟಾರಕ್ಕೆ ಹೋಲಿಸಿದರೆ ನಾಲ್ಕು ಲಕ್ಷ. ನಾವು ಲೆಕ್ಕಕ್ಕೆ ನಡುವಿನ ಮೂರು ಲಕ್ಷ ಹಿಡಿಯೋಣ. ಪ್ರಮಾಣೀಕೃತ ಮೈಲೇಜು ಪ್ರಯೋಗಶಾಲೆಯ ಅಂಕಿ. ಕೆಮ್ಮಣ್ಣಿನ ದಾರಿಯಲ್ಲಿ, ಐದು ಜನ ಕೂತು, ಏರ್‌ಕಂಡೀಷನ್ ಹಾಕಿ ಹೋಗುವಾಗ ಅದು ಸಿಗದು. ಸ್ಟ್ರಾಂಗ್ ಹೈಬ್ರಿಡ್ಡಿಗೆ ಲೀಟರಿಗೆ 21, ಮೈಲ್ಡಿಗೆ 15 ಕಿಲೋಮೀಟರು ಎಂದು ಹಿಡಿದು, ಪೆಟ್ರೋಲು ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೆ, ಹೈಬ್ರಿಡ್ಡಿನಿಂದ ಕಿಲೋಮೀಟರಿಗೆ ಉಳಿಯುವುದು ಸುಮಾರು 1 ರೂಪಾಯಿ 90 ಪೈಸೆ.

ವರ್ಷಕ್ಕೆ 10,000 ಕಿಲೋಮೀಟರು ಓಡಿಸುವವರಿಗೆ ಉಳಿತಾಯ 19,000 ರೂಪಾಯಿ. ಹೆಚ್ಚಿಗೆ ಕೊಟ್ಟ ಮೂರು ಲಕ್ಷ ಮರಳಲು ಹದಿನೈದು ವರ್ಷ ದಾಟಬೇಕು. 20,000 ಓಡಿಸುವವರಿಗೆ ಉಳಿತಾಯ 38,000. ಎಂಟು ವರ್ಷ ಬೇಕು. 30,000 ಓಡಿಸುವವರಿಗೆ 57,000. ಐದೂಕಾಲು ವರ್ಷ ಸಾಕು. ಒಟ್ಟಾರೆ ಸುಮಾರು 1,57,000 ಕಿಲೋಮೀಟರಿಗೆ ಹಾಕಿದ ಹಣ ಕೈಗೆ ಬರುತ್ತದೆ. ಈಗ ಇದನ್ನು ಗಮನಿಸಿ: ಎರಡೂ ಕಂಪನಿಗಳು ಹೈಬ್ರಿಡ್ ಬ್ಯಾಟರಿಗೆ ಕೊಡುವ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರು, ಯಾವುದು ಮೊದಲೋ ಅದು. ಅಂದರೆ ವರ್ಷಕ್ಕೆ ಇಪ್ಪತ್ತು ಸಾವಿರ ಓಡಿಸುವವರಿಗೆ ಹಣ ಮರಳುವುದೂ ವಾರಂಟಿ ಮುಗಿಯುವುದೂ ಒಂದೇ ಹೊತ್ತಿಗೆ. ಅದಕ್ಕಿಂತ ಕಡಿಮೆ ಓಡಿಸುವವರಿಗೆ ವಾರಂಟಿ ಮೊದಲು ಮುಗಿಯುತ್ತದೆ, ಹಣ ಮರಳುವುದು ಆಮೇಲೆ.

ನಮ್ಮ ಕಡೆಯ ಓಟ ಎಷ್ಟು? ಹೊಳಲ್ಕೆರೆ ಸುತ್ತಿನ ಒಂದು ಕುಟುಂಬ ವಾರಕ್ಕೆ ಎರಡು ಸಲ ಚಿತ್ರದುರ್ಗಕ್ಕೆ ಹೋಗಿಬಂದರೆ ವರ್ಷಕ್ಕೆ ಏಳು ಸಾವಿರದ ಹತ್ತಿರ. ತಿಂಗಳಿಗೊಮ್ಮೆ ಬೆಂಗಳೂರಿಗೆ ಮಕ್ಕಳನ್ನು ನೋಡಲು ಹೋದರೆ ಇನ್ನೊಂದು ಐದೂವರೆ ಸಾವಿರ. ಮದುವೆ, ಜಾತ್ರೆ, ದೇವರ ಹರಕೆ ಸೇರಿಸಿ ಒಟ್ಟು ಹದಿಮೂರು ಹದಿನಾಲ್ಕು ಸಾವಿರ. ಇಷ್ಟು ಓಟಕ್ಕೆ ಹೈಬ್ರಿಡ್ಡಿನ ಉಳಿತಾಯ ವರ್ಷಕ್ಕೆ ಇಪ್ಪತ್ತಾರು ಸಾವಿರದ ಸುಮಾರು. ಆ ಹೆಚ್ಚುವರಿ ಮೂರು ಲಕ್ಷವನ್ನು ಶೇ. 9ರ ಸಾಲದಲ್ಲಿ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ ಇಪ್ಪತ್ತೇಳು ಸಾವಿರದ ಹತ್ತಿರ ಹೋಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಉಳಿದದ್ದು ಬ್ಯಾಂಕಿಗೆ ಹೋಯಿತು.

ಇದರಿಂದ ಹೈಬ್ರಿಡ್ ಕೆಟ್ಟದ್ದೆಂದು ತಿಳಿಯಬಾರದು. ಸದ್ದಿಲ್ಲ, ಗೇರಿನ ತೊಡಕಿಲ್ಲ, ಪೆಟ್ರೋಲು ಉರಿಯುವುದೂ ಕಡಿಮೆ. ಚಿತ್ರದುರ್ಗದ ಗಾಂಧಿ ವೃತ್ತದಂಥ ನಿಂತು ಹೊರಡುವ ದಾರಿಯಲ್ಲಿ ಅದರ ಗುಣ ಎದ್ದು ಕಾಣುತ್ತದೆ. ಆದರೆ ಹೆದ್ದಾರಿ 48ರಲ್ಲಿ ಹಿರಿಯೂರು ದಾಟಿ ಒಂದೇ ವೇಗದಲ್ಲಿ ಬೆಂಗಳೂರಿಗೆ ಹೋಗುವಾಗ ಎಂಜಿನ್ನೇ ಹೆಚ್ಚು ಹೊತ್ತು ದುಡಿಯಬೇಕು. ಬ್ರೇಕಿನಿಂದ ಮರಳುವ ಕರೆಂಟೂ ಕಡಿಮೆ. ಅಲ್ಲಿ ಎರಡು ಮಾದರಿಗಳ ಅಂತರ ಕುಗ್ಗುತ್ತದೆ. ಓಟ ಹೆಚ್ಚಿದ್ದು, ಅದರಲ್ಲೂ ಊರೊಳಗಿನ ಓಟ ಹೆಚ್ಚಿದ್ದರೆ ಹೈಬ್ರಿಡ್ ಕೊಳ್ಳಿರಿ. ಬರಿಯ ಮೈಲೇಜಿನ ಆಸೆಗೆ ಕೊಳ್ಳಬೇಡಿರಿ.

ತೋಟದ ಮನೆಗೆ ಹೊಂದುವುದೇ?

ಶೋರೂಮಿನಲ್ಲಿ ಯಾರೂ ತಾವಾಗಿ ಹೇಳದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬೇಕಾಗಿದೆ.

ಡಿಕ್ಕಿ: ಸ್ಟ್ರಾಂಗ್ ಹೈಬ್ರಿಡ್ಡಿನ ಬ್ಯಾಟರಿ ಹಿಂಬದಿಯಲ್ಲಿ ಕೂತಿರುವುದರಿಂದ ಡಿಕ್ಕಿ ಚಿಕ್ಕದು. ಮೈಲ್ಡಿನಲ್ಲಿ 373 ಲೀಟರಿನ ಜಾಗವಿದ್ದರೆ ಇದರಲ್ಲಿ 265. ಸಂತೆಯ ಚೀಲ, ಮಗಳ ಮನೆಗೆ ಒಯ್ಯುವ ಎಳನೀರು, ಎರಡು ಸೂಟ್‌ಕೇಸು ಇವನ್ನು ಒಟ್ಟಿಗೆ ಇಟ್ಟು ನೋಡಿಯೇ ತೀರ್ಮಾನಿಸಿರಿ.

ನಾಲ್ಕು ಚಕ್ರದ ಎಳೆತ: ಎರಡು ಕಾರುಗಳಲ್ಲೂ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಏರ್ಪಾಡು ಬಂದದ್ದು ಮೈಲ್ಡ್ ಮಾದರಿಯಲ್ಲಿ, ಸ್ಟ್ರಾಂಗ್ ಹೈಬ್ರಿಡ್ಡು ಮುಂದಿನ ಎರಡು ಚಕ್ರದಿಂದಲೇ ಎಳೆಯುತ್ತದೆ. ಮಳೆಗಾಲದಲ್ಲಿ ಕೆಸರಿನ ಏರು ಹತ್ತಬೇಕಾದ ಕಾಫಿ ತೋಟದ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಬಯಲುಸೀಮೆಯ ಅಡಿಕೆ ತೋಟದವರಿಗೆ ಮುಂದಿನ ಎರಡು ಚಕ್ರ ಸಾಕು.

ಇಲಿ ಮತ್ತು ಧೂಳು: ಅಡಿಕೆ ಸಿಪ್ಪೆಯ ರಾಶಿ, ಹುಲ್ಲಿನ ಬಣವೆ ಇರುವಲ್ಲಿ ಇಲಿ ಇದ್ದೇ ಇರುತ್ತದೆ, ವೈರು ಕಡಿಯುವುದು ಅದರ ಸ್ವಭಾವ. ಕಾರನ್ನು ಅವುಗಳಿಂದ ದೂರ ನಿಲ್ಲಿಸಿರಿ. ವಿಮೆಯಲ್ಲಿ ಇಲಿ ಕಡಿತದ ನಷ್ಟ ಸೇರಿದೆಯೇ ಎಂದು ಕೇಳಿರಿ. ಹೈಬ್ರಿಡ್ಡಿನ ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ ಹರಿಯುವುದು ಪ್ರಾಣಕ್ಕೆ ಎರವಾಗಬಲ್ಲ ಒತ್ತಡದ ಕರೆಂಟು. ಊರಿನ ಮೆಕ್ಯಾನಿಕ್ ಎಷ್ಟೇ ನಿಪುಣನಿರಲಿ, ತರಬೇತಿಯಿಲ್ಲದೆ ಅದನ್ನು ಮುಟ್ಟಬಾರದು. ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಎಲ್ಲಿದೆಯೆಂದು ತೋರಿಸಿಕೊಳ್ಳಿರಿ; ಅದಕ್ಕೆ ಚೀಲ ಅಡ್ಡ ಇಡಬೇಡಿರಿ, ಧೂಳು ಕಟ್ಟಲು ಬಿಡಬೇಡಿರಿ.

ನಿಂತ ಕಾರು: ಕೊಯ್ಲಿನ ಕಾಲದಲ್ಲಿ ಕಾರು ವಾರಗಟ್ಟಲೆ ನಿಲ್ಲುವುದುಂಟು. ಹೈಬ್ರಿಡ್ಡಿನಲ್ಲೂ 12 ವೋಲ್ಟಿನ ಸಾದಾ ಬ್ಯಾಟರಿಯೊಂದಿದೆ. ಅದು ಇಳಿದುಹೋದರೆ ಕಾರು ಚಾಲೂ ಆಗದು. ವಾರಕ್ಕೊಮ್ಮೆ ಒಂದಿಷ್ಟು ದೂರ ಓಡಿಸಿ ತನ್ನಿರಿ.

ಎರಡರಲ್ಲಿ ಒಂದು

ಲೆಕ್ಕವೆಲ್ಲ ಮುಗಿದು ಹೈಬ್ರಿಡ್ಡೇ ಸರಿ ಎನಿಸಿದವರಿಗೆ ನಮ್ಮ ಸಲಹೆ ಸರಳ. ಯಂತ್ರ ಒಂದೇ ಆದ್ದರಿಂದ ಯಂತ್ರದ ಬಗ್ಗೆ ವಾದ ಬೇಡ. ನೀವು ಆರಿಸುತ್ತಿರುವುದು ಕಾರನ್ನಲ್ಲ, ಮುಂದಿನ ಎಂಟು ಹತ್ತು ವರ್ಷ ಅದನ್ನು ನೋಡಿಕೊಳ್ಳುವವರನ್ನು.

ಮಾರುತಿಯ ಸರ್ವಿಸ್ ಜಾಲ ದೇಶದಲ್ಲೇ ದೊಡ್ಡದು. ಟೊಯೋಟಾದ್ದು ಅದಕ್ಕಿಂತ ಬಹಳ ಚಿಕ್ಕದು, ಆದರೆ ಹೈಬ್ರಿಡ್ ಅದರ ಮನೆಯ ವಿದ್ಯೆ. ಈ ಸಾಮಾನ್ಯ ಮಾತಿಗಿಂತ ನಿಮ್ಮ ಊರಿನ ಸಂಗತಿ ಮುಖ್ಯ. ಹೊಸದುರ್ಗದವರಿಗೆ ಹತ್ತಿರವಾದದ್ದು ಹಿರಿಯೂರಿನವರಿಗೆ ಹತ್ತಿರವಾಗಬೇಕೆಂದಿಲ್ಲ. ಎರಡೂ ಕಡೆ ಈ ಪ್ರಶ್ನೆಗಳನ್ನು ಕೇಳಿ ಉತ್ತರ ಬರೆಸಿಕೊಳ್ಳಿರಿ: ನಿಮ್ಮ ಮನೆಗೆ ಹತ್ತಿರದ ವರ್ಕ್‌ಶಾಪು ಎಷ್ಟು ದೂರ? ಅಲ್ಲಿ ಹೈಬ್ರಿಡ್ ತರಬೇತಿ ಪಡೆದ ಕೆಲಸಗಾರರಿದ್ದಾರೆಯೇ, ಅಥವಾ ಬೇರೆ ಊರಿಗೆ ಒಯ್ಯಬೇಕೇ? ರಸ್ತೆಯಲ್ಲಿ ನಿಂತರೆ ಎಳೆದೊಯ್ಯುವ ಲಾರಿ ಎಲ್ಲಿಂದ ಬರುತ್ತದೆ? ವಾರಂಟಿ ಮುಗಿದ ಮೇಲೆ ಹೈಬ್ರಿಡ್ ಬ್ಯಾಟರಿ ಬದಲಿಸಲು ಇಂದಿನ ಬೆಲೆ ಎಷ್ಟು? ಕಾರು ಕೈಗೆ ಸಿಗುವುದು ಎಂದು?

ಕಾರಿನ ವಾರಂಟಿಯ ವಿಷಯದಲ್ಲಿ ಒಂದು ಮಾತು. ಟೊಯೋಟಾ ಮೊದಲಿನಿಂದಲೂ 3 ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರಿನ ವಾರಂಟಿ ಕೊಟ್ಟಿತು. ಮಾರುತಿಯದು 2 ವರ್ಷ ಅಥವಾ 40,000 ಕಿಲೋಮೀಟರು ಇತ್ತು. 2024ರ ಜುಲೈನಿಂದ ಅದೂ 3 ವರ್ಷ ಅಥವಾ ಒಂದು ಲಕ್ಷಕ್ಕೆ ಏರಿತು. ಹೊಸ ಕಾರು ಕೊಳ್ಳುವವರಿಗೆ ಈ ವಿಷಯದಲ್ಲಿ ಎರಡೂ ಸಮ. ಹಳೆಯ ಕಾರು ಕೊಳ್ಳುವವರು ಮಾತ್ರ ಅದು ಮಾರಾಟವಾದ ತಾರೀಖನ್ನು ನೋಡಿಯೇ ಮುಂಗಡ ಕೊಡತಕ್ಕದ್ದು.

ಹತ್ತಿರದ ವರ್ಕ್‌ಶಾಪು ಎರಡಕ್ಕೂ ಒಂದೇ ದೂರವಿದ್ದರೆ ರಸ್ತೆಗಿಳಿವ ಬೆಲೆ ಯಾವುದಕ್ಕೆ ಕಡಿಮೆಯೋ ಅದನ್ನು ಕೊಳ್ಳಿರಿ. ಬೆಲೆಯೂ ಸಮವಾದರೆ ಮನೆಯ ಹಿರಿಯರನ್ನು ಎರಡರ ಹಿಂದಿನ ಸೀಟಿನಲ್ಲೂ ಅರ್ಧ ಗಂಟೆ ಕೂರಿಸಿ ಅವರ ಮಾತು ಕೇಳಿರಿ. ಮುಖದ ಅಂದ ಕೊನೆಗೆ ನೋಡಿದರೆ ಸಾಕು.

ಕೊನೆಯದಾಗಿ, ಕೊಳ್ಳುವ ಕಾಲದ ವಿಚಾರ. 2014ರಲ್ಲಿ ಅಡಿಕೆ ಧಾರಣೆ ಏರಿದ್ದನ್ನೂ ಮುಂದಿನ ಎರಡು ವರ್ಷಗಳಲ್ಲಿ ಅದು ಕುಸಿದದ್ದನ್ನೂ ಸದಸ್ಯರು ಮರೆತಿರಲಾರರು. ಅದರ ಬೆನ್ನಿಗೇ ಬಂದ ಬರದಲ್ಲಿ ಬೋರುಗಳು ಬತ್ತಿ, ಟ್ಯಾಂಕರಿನಲ್ಲಿ ನೀರು ತಂದು ಮರ ಉಳಿಸಿಕೊಂಡವರೂ, ಉಳಿಸಿಕೊಳ್ಳಲಾಗದೆ ಕಡಿದವರೂ ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟೋ ಮಂದಿ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದು, 2025ರ ಜನವರಿಯಲ್ಲಿ ಮತ್ತೆ ತುಂಬಿ ಹರಿಯಿತೆಂದು ಮುಂದಿನ ಬರ ಬಾರದೆಂದೇನೂ ಇಲ್ಲ. ಧಾರಣೆ ಏರಿದ ವರ್ಷದ ಉತ್ಸಾಹದಲ್ಲಿ ಏಳು ವರ್ಷದ ಕಂತಿಗೆ ಸಹಿ ಹಾಕುವವರು ಇಳಿದ ವರ್ಷದ ಧಾರಣೆಯಲ್ಲೂ ಆ ಕಂತು ಕಟ್ಟಲಾದೀತೇ ಎಂದು ಮೊದಲು ನೋಡಿಕೊಳ್ಳಬೇಕು. ಒಂದು ಬೋರು ಕೊರೆಸಿ ಮೋಟಾರು ಇಳಿಸುವಷ್ಟು ಹಣ ಪ್ರತ್ಯೇಕವಾಗಿ ಕೈಯಲ್ಲಿರಬೇಕು. ಬೆಳೆಸಾಲದ ಹಣವನ್ನಂತೂ ಕಾರಿಗೆ ತಿರುಗಿಸಲೇಬಾರದು. ಕಂತು ತಪ್ಪಿ ಮನೆಮುಂದಿನಿಂದ ಕಾರು ಎಳೆದೊಯ್ದರೆ ಹೋಗುವುದು ಕಾರೊಂದೇ ಅಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬುದನ್ನು ಅಡಿಕೆ ಬೆಳೆಯುವ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕಳೆದ ವರ್ಷ ತಮ್ಮ ವಾಹನ ಓಡಿದ ಕಿಲೋಮೀಟರು ಮತ್ತು ಎರಡೂ ಶೋರೂಮುಗಳ ಬೆಲೆಚೀಟಿಯನ್ನು ತಂದ ಸದಸ್ಯರಿಗೆ ಸಂಘದ ಕಚೇರಿಯಲ್ಲಿ ಈ ಲೆಕ್ಕವನ್ನು ಅವರ ಅಂಕಿಗಳಿಗೆ ಹೊಂದಿಸಿ ಮಾಡಿಕೊಡಲಾಗುವುದು.

— ಕಾರ್ಯದರ್ಶಿ